ಗುಂಡಿನ ಸದ್ದು ಎಲ್ಲಿಗೆ ಹೋಗುತ್ತದೆ?

ಅಮೆರಿಕದಲ್ಲಿ ಬಂದೂಕಿಗೆ ಸೈಲೆನ್ಸರ್ ಬೇಕೆಂದರೆ 1934ರಿಂದಲೂ 200 ಡಾಲರ್ ತೆರಿಗೆ ಕಟ್ಟಬೇಕಿತ್ತು. ಆ ಕಾಲದ 200 ಡಾಲರ್ ಅಂದರೆ ಇವತ್ತಿನ ಲೆಕ್ಕದಲ್ಲಿ 4,500 ಡಾಲರ್‌ಗೂ ಜಾಸ್ತಿ. ಸಾಮಾನ್ಯ ಜನ ಇದರ ಗೊಡವೆಗೇ ಹೋಗದಿರಲಿ ಅಂತಲೇ ಅಷ್ಟು ತೆರಿಗೆ ಹಾಕಿದ್ದರು. ತೊಂಬತ್ತು ವರ್ಷ ಆ ಮೊತ್ತ ಏರಲೂ ಇಲ್ಲ, ಇಳಿಯಲೂ ಇಲ್ಲ. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನು ಅದನ್ನು ಸೊನ್ನೆ ಮಾಡಿತು. 2026ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ನೋಂದಣಿ, ಬೆರಳಚ್ಚು, ಹಿನ್ನೆಲೆ ತಪಾಸಣೆ ಹಾಗೇ ಉಳಿದಿವೆ. ತೆರಿಗೆಯೇ ಇಲ್ಲದ ಮೇಲೆ ನೋಂದಣಿ ಯಾಕೆ ಎಂದು ಬಂದೂಕು ಸಂಘಟನೆಗಳು ಕೋರ್ಟ್ ಮೆಟ್ಟಿಲೇರಿವೆ.

ವಾದ ಎರಡೂ ಕಡೆಯಿಂದ ಜೋರಾಗಿದೆ. "ಇದು ಕಿವಿ ಕಾಯುವ ಸಾಧನ, ಅಷ್ಟೇ" ಅನ್ನುವವರು ಒಂದು ಕಡೆ. 2017ರಲ್ಲಿ ಅಲ್ಲಿನ ಸಂಸತ್ತಿಗೆ ಬಂದ ಮಸೂದೆಗೆ ಇಟ್ಟ ಹೆಸರೇ 'ಹಿಯರಿಂಗ್ ಪ್ರೊಟೆಕ್ಷನ್ ಆ್ಯಕ್ಟ್'. ಇನ್ನೊಂದು ಕಡೆಯವರು 2019ರ ಮೇ 31ರ ವರ್ಜೀನಿಯಾ ಬೀಚ್ ಹತ್ಯಾಕಾಂಡವನ್ನು ನೆನಪಿಸುತ್ತಾರೆ. ಅಲ್ಲಿ 12 ಜನ ಪ್ರಾಣ ಬಿಟ್ಟರು. ಹಂತಕನ ಹತ್ತಿರ ಸಪ್ರೆಸರ್ (ಸೈಲೆನ್ಸರಿಗೇ ಇನ್ನೊಂದು ಹೆಸರು) ಹಾಕಿದ ಪಿಸ್ತೂಲಿತ್ತು. ಗುಂಡಿನ ಸದ್ದು ಗುಂಡಿನ ಸದ್ದಿನ ಹಾಗೆ ಕೇಳದೇ ಹೋದರೆ ಜನ ಓಡಿ ಬಚಾವಾಗುವುದು ಹೇಗೆ ಅನ್ನುವುದು ಅವರ ಪ್ರಶ್ನೆ.

ಎರಡೂ ಮಾತಿನಲ್ಲಿ ನಿಜ ಇದೆ, ಆದರೆ ಎರಡರಲ್ಲೂ ಅರ್ಧರ್ಧ. ಸದ್ದು ಕಡಿಮೆಯಾಯಿತು ಅನ್ನುವವರನ್ನು ನಾವು ಮೊದಲು ಕೇಳಬೇಕಾದದ್ದು ಒಂದೇ: ಯಾರ ಕಿವಿಗೆ? ಇದಕ್ಕೆ ಉತ್ತರ ಬೇಕಾದರೆ ನಳಿಗೆಯ ಬಾಯಲ್ಲಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಬಿಸಿ ಅನಿಲ ಏನು ಮಾಡುತ್ತದೆ ಅಂತ ನೋಡಬೇಕು.

ನಾನು ಬಂದೂಕು ಹಿಡಿದದ್ದು ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ ಮಾತ್ರ. ಪಾಯಿಂಟ್ ಟೂ ಟೂ ರೈಫಲ್, ತಲೆಗೆ ಐದು ಗುಂಡು, ನೆಲದ ಮೇಲೆ ಬೋರಲು ಮಲಗಿ ಹೊಡೆಯಬೇಕು. ಉಸ್ತಾದ್ ಎಲ್ಲರ ಕೈಗೂ ಒಂದು ಚೂರು ಹತ್ತಿ ಕೊಟ್ಟಿದ್ದರು. ನಾನು ಇನ್ನೂ ಹತ್ತಿಯನ್ನು ಉಂಡೆ ಮಾಡುತ್ತಿದ್ದೆ, ಅಷ್ಟರಲ್ಲಿ ಎಡಗಡೆ ಮಲಗಿದ್ದ ಹುಡುಗ ಮೊದಲ ಗುಂಡು ಹಾರಿಸಿಬಿಟ್ಟ. ನನ್ನ ಎಡಗಿವಿ 'ಗುಂಯ್' ಅಂತ ಹಿಡಿದುಕೊಂಡಿತು. ಖಾಲಿ ಖೋಖಾಗಳನ್ನು, ಅಂದರೆ ಹಾರಿಸಿದ ತೋಟಾದ ಚಿಪ್ಪುಗಳನ್ನು, ಎಣಿಸಿ ವಾಪಸ್ ಕೊಡುವಾಗಲೂ ಆ ಗುಂಯ್ ಇತ್ತು. ರಾತ್ರಿ ಟೆಂಟಿನಲ್ಲಿ ಮಲಗಿದಾಗಲೂ ಇತ್ತು. ಬೆಳಗಿನ ಹೊತ್ತಿಗೆ ಹೋಗಿತ್ತು. ಹೋಯಿತಲ್ಲ ಅಂತ ಮರೆತೂಬಿಟ್ಟೆ.

ಆ ಪುಟ್ಟ ರೈಫಲ್ಲಿನ ಸದ್ದೇ 140 ಡೆಸಿಬಲ್ ಆಸುಪಾಸು. ಸೈನಿಕರ ರೈಫಲ್ಲಿನದು 160ರ ಮೇಲೆ. ಒಂದೇ ಏಟಿನ ಸದ್ದಿಗೆ ಕಿವಿ ತಡೆಯುವ ಮಿತಿ ಅಂತ ಆರೋಗ್ಯ ತಜ್ಞರು ಸಾಮಾನ್ಯವಾಗಿ ಇಟ್ಟುಕೊಂಡಿರುವುದು 140. ಡೆಸಿಬಲ್ ಲೆಕ್ಕ ನಮ್ಮ ಮಾಮೂಲಿ ಲೆಕ್ಕದ ಹಾಗೆ ಇರುವುದಿಲ್ಲ. 20 ಡೆಸಿಬಲ್ ಏರಿದರೆ ಗಾಳಿಯ ಒತ್ತಡದ ಅಲೆ 10 ಪಟ್ಟು ದೊಡ್ಡದಾಗುತ್ತದೆ. 140 ಅಂದರೆ 200 ಪಾಸ್ಕಲ್, 160 ಅಂದರೆ 2,000 ಪಾಸ್ಕಲ್. ಈ ಏಟು ಬರುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ. ಜೋರು ಸದ್ದಾದಾಗ ಕಿವಿಯೊಳಗಿನ ಒಂದು ಸಣ್ಣ ಸ್ನಾಯು ಬಿಗಿದುಕೊಂಡು ಒಳಕಿವಿಯನ್ನು ಕಾಯುತ್ತದೆ. ಆದರೆ ಅದಕ್ಕೆ ಎಚ್ಚರವಾಗಲು ಹತ್ತಾರು ಮಿಲಿಸೆಕೆಂಡು ಬೇಕು. ಅದು ಬಾಗಿಲು ಹಾಕುವ ಹೊತ್ತಿಗೆ ಕಳ್ಳ ಒಳಗೆ ಬಂದು ಕೆಲಸ ಮುಗಿಸಿ ಹೋಗಿರುತ್ತಾನೆ. ಒಳಕಿವಿಯ ಶಂಖದಂಥ ಭಾಗದಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ಕೂದಲ ಕೋಶಗಳಿವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಗುಂಯ್ ನಿಂತಿತು ಅಂದ ಮಾತ್ರಕ್ಕೆ ಒಳಗೆ ಏನೂ ಕೆಟ್ಟಿಲ್ಲ ಅಂತ ಹೇಳಲಾಗದು. ಅಮೆರಿಕದ ಮಾಜಿ ಸೈನಿಕರು ಪರಿಹಾರ ಪಡೆಯುವ ತೊಂದರೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಈ ಕಿವಿಮೊರೆತಕ್ಕೇ. ಕಿವುಡು ಕೂಡ ಅದರ ಬೆನ್ನಿಗೇ ಇದೆ.

ಇಷ್ಟು ದೊಡ್ಡ ಸದ್ದು ಬರುವುದೆಲ್ಲಿಂದ?

ನಮ್ಮ ಅಡುಗೆಮನೆಯ ಕುಕ್ಕರಿನಿಂದಲೇ ಶುರು ಮಾಡೋಣ. ಸೀಟಿ ಹೊಡೆಯುವಾಗ ಕುಕ್ಕರಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು ಎರಡು ಪಟ್ಟು. 5.56 ಮಿ.ಮೀ. ರೈಫಲ್ಲಿನಲ್ಲಿ ಮದ್ದು ಉರಿದಾಗ ತೋಟಾದ ಕೋಣೆಯಲ್ಲಿ ಏಳುವ ಒತ್ತಡ 4,000 ಪಟ್ಟಿಗೂ ಹೆಚ್ಚು. ಆ ಒತ್ತಡ ಗುಂಡನ್ನು ತಳ್ಳುತ್ತದೆ. ಗುಂಡು ಮುಂದೆ ಹೋದಂತೆ ಅನಿಲಕ್ಕೆ ಜಾಗ ಸಿಕ್ಕಿ ಒತ್ತಡ ಇಳಿಯುತ್ತದೆ. ಆದರೂ ಗುಂಡು ನಳಿಗೆಯ ಬಾಯಿ ದಾಟುವ ಹೊತ್ತಿಗೆ ಅದರ ಬೆನ್ನ ಹಿಂದಿನ ಒತ್ತಡ ಹೊರಗಿನದಕ್ಕಿಂತ ನೂರಾರು ಪಟ್ಟು ಇರುತ್ತದೆ. ಕುಕ್ಕರಿನ ಸೀಟಿ ಉಗಿಯನ್ನು ಚೂರು ಚೂರೇ ಬಿಡುತ್ತದೆ. ಇಲ್ಲಿ ಮುಚ್ಚಳವೇ ಒಂದೇ ಸಲಕ್ಕೆ ಹಾರಿದ ಹಾಗೆ.

ಆ ಗಳಿಗೆಯನ್ನು ಇನ್ನೂ ಹತ್ತಿರದಿಂದ ನೋಡೋಣ. ಮೊದಲು ಹೊರಗೆ ಬರುವುದು ಗುಂಡೂ ಅಲ್ಲ, ಮದ್ದಿನ ಅನಿಲವೂ ಅಲ್ಲ. ನಳಿಗೆಯೊಳಗೆ ಗುಂಡಿನ ಮುಂದೆ ಸಿಕ್ಕಿಕೊಂಡಿದ್ದ ಗಾಳಿ ಬರುತ್ತದೆ. ಪಿಚಕಾರಿಯ ನೀರಿನ ಹಾಗೆ ಅದು ತಳ್ಳಿಸಿಕೊಂಡು ಬಂದು ಒಂದು ಸಣ್ಣ ಆಘಾತದ ಅಲೆ (ಶಾಕ್ ವೇವ್) ಎಬ್ಬಿಸುತ್ತದೆ. ಆಮೇಲೆ ಗುಂಡು. ಗುಂಡಿನ ಬುಡ ಬಾಯಿ ದಾಟಿದ ಕ್ಷಣ ಅನಿಲ ನುಗ್ಗುತ್ತದೆ. ಅದರ ವೇಗ ಎಷ್ಟೆಂದರೆ ಸ್ವಲ್ಪ ಹೊತ್ತು ಗುಂಡನ್ನೇ ಹಿಂದೆ ಹಾಕಿ ಮುಂದೆ ಹೋಗುತ್ತದೆ. ಹೊರಗೆ ತಡೆಯುವವರಿಲ್ಲ, ಹಾಗಾಗಿ ಸುತ್ತಲೂ ಅರಳಿಕೊಳ್ಳುತ್ತದೆ. ಹಿಗ್ಗಿದಂತೆ ತಣ್ಣಗಾಗುತ್ತದೆ, ಇನ್ನೂ ವೇಗ ಪಡೆಯುತ್ತದೆ. ಹಿಗ್ಗಿ ಹಿಗ್ಗಿ ಒಳಗಿನ ಒತ್ತಡ ಹೊರಗಿನ ಗಾಳಿಗಿಂತಲೂ ಕೆಳಗೆ ಇಳಿದುಬಿಡುತ್ತದೆ. ಆಗ ಹೊರಗಿನ ಗಾಳಿ ಅದನ್ನು ಒತ್ತುತ್ತದೆ. ಈ ತಳ್ಳಾಟದಲ್ಲಿ ನಳಿಗೆಯ ಮುಂದೆ ಸೀಸೆಯ ಆಕಾರದ ಒಂದು ಶಾಕ್ ವೇವ್ ಮೂಡುತ್ತದೆ. ಸೀಸೆಯ ತುದಿಯಲ್ಲಿ ತಟ್ಟೆಯ ಹಾಗೆ ಅಡ್ಡ ನಿಲ್ಲುವ ಶಾಕ್ ವೇವಿಗೆ 'ಮ್ಯಾಕ್ ಡಿಸ್ಕ್' ಅನ್ನುತ್ತಾರೆ. ಇದೆಲ್ಲದರ ಹೊರಗೆ ಗುಮ್ಮಟದಂತೆ ಹಿಗ್ಗುತ್ತಾ ಹೋಗುವ ದೊಡ್ಡ ಅಲೆಯೇ ನಮ್ಮ ಕಿವಿಗೆ ಬಡಿಯುವ 'ಢಂ'.

ಮ್ಯಾಕ್ ಅಂದರೆ ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮ್ಯಾಕ್. ಅವರೂ ಪೀಟರ್ ಸಾಲ್ಚರ್ ಎಂಬ ಇನ್ನೊಬ್ಬ ವಿಜ್ಞಾನಿಯೂ ಸೇರಿ, ಹಾರುವ ಗುಂಡಿನ ಸುತ್ತ ಏಳುವ ಶಾಕ್ ವೇವಿನ ಫೋಟೊಗಳನ್ನು 1887ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಕಾಣದ ಗಾಳಿಯ ಒತ್ತಡವನ್ನು ಬೆಳಕು ಬಾಗುವ ರೀತಿಯಿಂದ ಹಿಡಿಯುವ ವಿದ್ಯೆ ಅದು. ಬಿಸಿಲಿಗೆ ಕಾದ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗುವುದನ್ನು ನೋಡಿರುತ್ತೀರಿ ಅಲ್ವಾ? ಅದೇ ತತ್ವ. ಗುಂಡಿನ ಮೂತಿಯಿಂದ ದೋಣಿಯ ಹಿಂದಿನ ಅಲೆಯ ಹಾಗೆ ಎರಡು ಗೆರೆ ಹೊರಟದ್ದು ಆ ಫೋಟೊಗಳಲ್ಲಿ ಸ್ಪಷ್ಟವಾಗಿ ಕಾಣಿಸಿತು.

ಆ ಗೆರೆಗಳೇ ಗುಂಡಿನ ಎರಡನೇ ಸದ್ದು. ಗುಂಡು ಶಬ್ದಕ್ಕಿಂತ ವೇಗವಾಗಿ ಹಾರಿದರೆ ತಾನು ಹೋದ ದಾರಿಯುದ್ದಕ್ಕೂ 'ಚಟ್' ಅನ್ನುವ ಸೀಳು ಸದ್ದು ಎಳೆದುಕೊಂಡು ಹೋಗುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸೈನ್ಯದ 5.56 ಗುಂಡಿನ ವೇಗ ಸುಮಾರು 900 ಮೀಟರ್. ಈ ಚಟ್ ಸದ್ದನ್ನು ನಳಿಗೆಯ ತುದಿಗೆ ಏನು ಸಿಕ್ಕಿಸಿದರೂ ತಡೆಯಲಾಗದು. ಯಾಕೆಂದರೆ ಅದು ಹುಟ್ಟುವುದು ನಳಿಗೆಯಲ್ಲಲ್ಲ, ದಾರಿಯಲ್ಲಿ. ಮೂರನೇ ಸದ್ದು ಬಂದೂಕಿನ ಯಂತ್ರದ್ದು, ತೋಟಾದ ಕೋಣೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಹಿಂದೆ ಮುಂದೆ ಬಡಿಯುವ 'ಖಟಕ್'.

ಮೊದಲ ಮಹಾಯುದ್ಧದಲ್ಲಿ ಈ ವ್ಯತ್ಯಾಸ ದೊಡ್ಡ ತಲೆನೋವಾಗಿತ್ತು. ಶತ್ರುವಿನ ಫಿರಂಗಿ ಎಲ್ಲಿದೆ ಅಂತ ಸದ್ದಿನಿಂದಲೇ ಪತ್ತೆ ಮಾಡುವ ಕೆಲಸ ಬ್ರಿಟಿಷ್ ಸೈನ್ಯದಲ್ಲಿ ವಿಲಿಯಂ ಲಾರೆನ್ಸ್ ಬ್ರ್ಯಾಗ್ ಅವರ ಪಾಲಿಗೆ ಬಂದಿತ್ತು. 1915ರಲ್ಲಿ 25ನೇ ವಯಸ್ಸಿಗೇ ನೊಬೆಲ್ ಪಡೆದ ಅದೇ ಬ್ರ್ಯಾಗ್. ಶೆಲ್ಲಿನ ಚಟ್ ಸದ್ದು ಜೋರು, ಅದು ಮೊದಲೇ ಬಂದು ಮೈಕನ್ನು ತುಂಬಿಬಿಡುತ್ತಿತ್ತು. ಬೇಕಾಗಿದ್ದ ಫಿರಂಗಿಯ ಢಂ ಬಹಳ ತಗ್ಗು ಕಂಪನದ್ದು, ಅದು ದಾಖಲಾಗುತ್ತಲೇ ಇರಲಿಲ್ಲ. ವಿಲಿಯಂ ಟಕರ್ ಎಂಬ ಸಹೋದ್ಯೋಗಿ ಕಾದ ತಂತಿಯ ಮೈಕ್ ಮಾಡಿಕೊಟ್ಟರು. ಢಂ ಸದ್ದಿನ ನಿಧಾನ ಗಾಳಿ ತಂತಿಯನ್ನು ತಣ್ಣಗೆ ಮಾಡುತ್ತಿತ್ತು, ಚಟ್ ಸದ್ದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಇವತ್ತು ಸೈನ್ಯದ ವಾಹನಗಳ ಮೇಲಿರುವ ಗುಂಡು ಪತ್ತೆ ಯಂತ್ರಗಳೂ ಚಟ್ ಮತ್ತು ಢಂ ನಡುವಿನ ಅಂತರ ನೋಡಿಯೇ ದೂರ ಅಳೆಯುತ್ತವೆ. ಢಂ ಅನ್ನು ತಗ್ಗಿಸಿದರೆ ಗುಂಡು ಬಂತು ಅಂತ ಗೊತ್ತಾಗುತ್ತದೆ, ಎಲ್ಲಿಂದ ಬಂತು ಅಂತ ಗೊತ್ತಾಗುವುದು ಕಷ್ಟ. ಸೈನಿಕರಿಗೆ ಸಪ್ರೆಸರ್ ಬೇಕಾಗುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಬೆಂಕಿಯ ವಿಷಯಕ್ಕೆ ಬರೋಣ, ಏಕೆಂದರೆ ಅದೂ ಇದೇ ಅನಿಲದ ಆಟ. ಮದ್ದು ಉರಿಯುವಾಗ ಅದರೊಳಗೆ ಪೂರ್ತಿ ಉರಿಯಲು ಬೇಕಾದಷ್ಟು ಆಮ್ಲಜನಕ ಇರುವುದಿಲ್ಲ. ಹಾಗಾಗಿ ಹೊರಗೆ ಬರುವ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ತುಂಬಿರುತ್ತವೆ. ಎರಡೂ ಉರಿಯುವಂಥವೇ. ಅಂದರೆ ನಳಿಗೆಯಿಂದ ಹೊರಬರುವುದು ಹೊಗೆ ಮಾತ್ರ ಅಲ್ಲ, ಇನ್ನೂ ಉರಿಯಬಲ್ಲ ಇಂಧನ. ಬಾಯಲ್ಲಿ ಕೆಂಪಗೆ ಹೊಳೆಯುವುದು ಮೊದಲ ಬೆಳಕು. ಅನಿಲ ಹಿಗ್ಗಿ ತಣ್ಣಗಾಗುವಾಗ ಅದು ಆರುತ್ತದೆ. ಮ್ಯಾಕ್ ಡಿಸ್ಕ್ ದಾಟುವಾಗ ಅನಿಲ ಧಡ್ಡನೆ ಒತ್ತಿಕೊಂಡು ಮತ್ತೆ ಕಾಯುತ್ತದೆ, ಅಲ್ಲಿ ಎರಡನೇ ಬೆಳಕು. ಈ ಕಾದ ಇಂಧನ ಹೊರಗಿನ ಗಾಳಿಯ ಜೊತೆ ಬೆರೆತಾಗ ಭಗ್ಗನೆ ಹತ್ತಿಕೊಳ್ಳುತ್ತದೆ. ರಾತ್ರಿ ಹೊತ್ತು ದೂರಕ್ಕೆ ಕಾಣುವ ದೊಡ್ಡ ಬೆಂಕಿ ಇದೇ. ಗ್ಯಾಸ್ ಸ್ಟವ್ವಿನ ನಾಬ್ ತಿರುಗಿಸಿ ಲೈಟರ್ ಒತ್ತಲು ತಡ ಮಾಡಿದರೆ ಭಗ್ ಅನ್ನುತ್ತದಲ್ಲ, ಹಾಗೆ. ಇಲ್ಲಿ ಲೈಟರ್ ಕೆಲಸವನ್ನು ಶಾಕ್ ವೇವೇ ಮಾಡುತ್ತದೆ.

ರೈಫಲ್ಲಿನ ತುದಿಯಲ್ಲಿ ಸೀಳುಗಳಿರುವ ಗಿಡ್ಡ ಕೊಳವೆ ಕಾಣುತ್ತದಲ್ಲ, ಅದು ಬೆಂಕಿ ತಗ್ಗಿಸುವ ಸಾಧನ. ಅದು ಬೆಂಕಿಯನ್ನು ಮರೆಮಾಡುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅದು ಮಾಡುವುದು ಬೇರೆ. ಸೀಸೆಯ ಆಕಾರದ ಶಾಕ್ ವೇವ್ ಗಟ್ಟಿಯಾಗಿ ಕಟ್ಟಿಕೊಳ್ಳದಂತೆ ಅದನ್ನು ಒಡೆಯುತ್ತದೆ. ಎರಡನೇ ಬೆಳಕು ಹುಟ್ಟದಿದ್ದರೆ ಮೂರನೆಯದಕ್ಕೆ ಕಿಡಿ ಸಿಗುವುದಿಲ್ಲ. ಇನ್ನೊಂದು ದಾರಿ ರಸಾಯನದ್ದು. ಮದ್ದಿಗೆ ಪೊಟ್ಯಾಸಿಯಂ ಲವಣ ಸೇರಿಸಿದರೆ ಉರಿಯುವ ಸರಣಿಯೇ ತುಂಡಾಗುತ್ತದೆ. ಆದರೆ ಹೊಗೆ ಜಾಸ್ತಿಯಾಗುತ್ತದೆ. ರಾತ್ರಿ ಅಡಗಿಕೊಂಡವನು ಹಗಲು ಸಿಕ್ಕಿಬೀಳುತ್ತಾನೆ. ಈ ವಿಷಯದಲ್ಲಿ ಎಲ್ಲೇ ಒಂದು ಕಡೆ ಒತ್ತಿದರೂ ಇನ್ನೊಂದು ಕಡೆ ಉಬ್ಬುತ್ತದೆ.

ಈಗ ಸೈಲೆನ್ಸರ್. ನಮಗೆ ಈ ಮಾತು ಕೇಳಿದ ತಕ್ಷಣ ನೆನಪಾಗುವುದು ಬೈಕು. ಆ ನೆನಪು ತಪ್ಪೇನಲ್ಲ. 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್, ಅದೇ ತತ್ವವನ್ನು ಎಂಜಿನ್ನುಗಳ ಸದ್ದು ತಗ್ಗಿಸಲೂ ಬಳಸಿದರು. ಅವರ ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್, ಹೆಸರಾಂತ ಮ್ಯಾಕ್ಸಿಮ್ ಮೆಷಿನ್ ಗನ್ ಮಾಡಿದವರು. ಆ ಗನ್ನಿನ ಸದ್ದಿನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿ ಮುದಿ ವಯಸ್ಸಿಗೆ ಕಿವುಡಾದರು. ಅಪ್ಪ ಎಬ್ಬಿಸಿದ ಸದ್ದನ್ನು ಮಗ ತಗ್ಗಿಸಲು ಹೊರಟ ಈ ಕಥೆ ನನ್ನನ್ನು ಬಹಳ ಕಾಡುತ್ತದೆ.

ಸಪ್ರೆಸರ್ ಮಾಡುವ ಕೆಲಸ ಹೇಳಲು ಸುಲಭ. ಅದು ಅನಿಲಕ್ಕೆ ಜಾಗ ಕೊಡುತ್ತದೆ, ಸಮಯ ಕೊಡುತ್ತದೆ. ಒಳಗೆ ಒಂದರ ಹಿಂದೆ ಒಂದು ಸಣ್ಣ ಕೋಣೆಗಳು, ನಡುವೆ ಗುಂಡು ಹೋಗುವಷ್ಟು ತೂತಿರುವ ಅಡ್ಡಗೋಡೆಗಳು. ಗುಂಡು ನೇರ ಹೋಗುತ್ತದೆ. ಅನಿಲ ಗೋಡೆಗೆ ಬಡಿದು, ಸುಳಿ ಸುತ್ತಿ, ಪಕ್ಕಕ್ಕೆ ತಿರುಗಿ, ಪ್ರತಿ ಕೋಣೆಯಲ್ಲೂ ಸ್ವಲ್ಪ ಒತ್ತಡ ಕಳೆದುಕೊಳ್ಳುತ್ತದೆ, ಸ್ವಲ್ಪ ಶಾಖವನ್ನು ಲೋಹಕ್ಕೆ ಕೊಡುತ್ತದೆ. ಒಂದೇ ಏಟಿಗೆ ಹೊರಬೀಳಬೇಕಾದದ್ದು ಹಲವು ಮಿಲಿಸೆಕೆಂಡಿನಲ್ಲಿ ಹಂಚಿಕೊಂಡು ಬರುತ್ತದೆ. ಶಕ್ತಿ ಎಲ್ಲೂ ಮಾಯವಾಗುವುದಿಲ್ಲ. ಕೊಳವೆ ಮುಟ್ಟಲಾಗದಷ್ಟು ಬಿಸಿಯಾಗುವುದೇ ಅದಕ್ಕೆ ಸಾಕ್ಷಿ.

ಇಲ್ಲೊಂದು ಕುತೂಹಲದ ಸಂಗತಿ ಇದೆ. ಸಪ್ರೆಸರ್ ಹಾಕಿದ ಬಂದೂಕಿನ ಮೊದಲ ಗುಂಡಿನ ಸದ್ದು ಉಳಿದವಕ್ಕಿಂತ ಜೋರು. ಮೊದಲ ಸಲ ಕೋಣೆಗಳಲ್ಲಿ ಮಾಮೂಲಿ ಗಾಳಿ ಇರುತ್ತದೆ, ಗಾಳಿಯಲ್ಲಿ ಆಮ್ಲಜನಕ. ಒಳಬಂದ ಇಂಧನ ಅಲ್ಲೇ ಹತ್ತಿಕೊಂಡು ಇನ್ನಷ್ಟು ಒತ್ತಡ ಎಬ್ಬಿಸುತ್ತದೆ. ಎರಡನೇ ಗುಂಡಿನ ಹೊತ್ತಿಗೆ ಒಳಗೆ ಸುಟ್ಟ ಅನಿಲ ತುಂಬಿರುವುದರಿಂದ ಉರಿಯಲು ಬೇಕಾದ ಆಮ್ಲಜನಕ ಅಷ್ಟಾಗಿ ಸಿಗುವುದಿಲ್ಲ. ಬೆಂಕಿಯೂ ಸದ್ದೂ ಬೇರೆ ಬೇರೆ ಸಮಸ್ಯೆಗಳಲ್ಲ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ.

ಒಳ್ಳೆಯ ಸಪ್ರೆಸರ್ 20ರಿಂದ 35 ಡೆಸಿಬಲ್ ತಗ್ಗಿಸುತ್ತದೆ. 165 ಇದ್ದದ್ದು 135 ಆದರೆ ಒತ್ತಡದ ಅಲೆ ಸುಮಾರು 32ರಲ್ಲಿ ಒಂದು ಪಾಲಿಗೆ ಇಳಿದ ಹಾಗೆ. ಇದು ದೊಡ್ಡ ಸಾಧನೆ. ಆದರೆ 135 ಅಂದರೆ ಕೆಮ್ಮಿನ ಸದ್ದಲ್ಲ. ಅದು ಈಗಲೂ ಕಿವಿಗೆ ಕೈ ಹೋಗುವಂಥ ಸದ್ದೇ. ಸಿನಿಮಾದಲ್ಲಿ ಕೇಳಿಸುವ 'ಫುಸ್' ನಿಜದ ರೈಫಲ್ಲಿನಲ್ಲಿ ಕೇಳಿಸುವುದಿಲ್ಲ. ಶಬ್ದಕ್ಕಿಂತ ನಿಧಾನದ ಗುಂಡು, ಸಣ್ಣ ಪಿಸ್ತೂಲು ಆದರೆ ಮಾತು ಬೇರೆ. ಅಲ್ಲಿ ಚಟ್ ಇರುವುದಿಲ್ಲ, ಢಂ ಕೂಡ ಮೊದಲೇ ಸಣ್ಣದು. ಹಾಗಾಗಿ ವರ್ಜೀನಿಯಾ ಬೀಚಿನ ಕಡೆಯವರ ಆತಂಕವನ್ನು ಸುಮ್ನೆ ತಳ್ಳಿಹಾಕಲಾಗದು. ಗೋಡೆಯಾಚೆ ಕುಳಿತವರಿಗೆ ಅದು ಗುಂಡು ಅಂತ ಹೊಳೆಯುವುದು ತಡವಾಗಬಹುದು. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇದೆ. ಬಂದೂಕಿನ ಸದ್ದು ಸುದ್ದಿಯೂ ಹೌದು. ಅದನ್ನು ತಗ್ಗಿಸಿದಾಗ ಯಾರಿಗೋ ತಲುಪಬೇಕಾದ ಸುದ್ದಿಯೂ ತಗ್ಗುತ್ತದೆ.

ಈಗ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ಯಾರ ಕಿವಿಗೆ?

ಜಾಹೀರಾತಿನಲ್ಲಿ ಕಾಣುವ ಡೆಸಿಬಲ್ ಸಂಖ್ಯೆ ಸಾಮಾನ್ಯವಾಗಿ ನಳಿಗೆಯ ಬಾಯಿಯಿಂದ ಒಂದು ಮೀಟರ್ ಪಕ್ಕದಲ್ಲಿ ಮೈಕ್ ಇಟ್ಟು ಅಳೆದದ್ದು. ಹೊಡೆಯುವವನ ಕಿವಿ ಇರುವುದು ಅಲ್ಲಲ್ಲ. ಅದು ಹಿಂದೆ ಇದೆ, ಖಾಲಿ ತೋಟಾ ಹೊರಗೆ ಚಿಮ್ಮುವ ಕಿಂಡಿಯ ಹತ್ತಿರ. ಸಪ್ರೆಸರ್ ಮುಂದೆ ಅನಿಲವನ್ನು ತಡೆದಾಗ ಒತ್ತಡ ನಳಿಗೆಯೊಳಗೇ ಹೆಚ್ಚು ಹೊತ್ತು ಉಳಿಯುತ್ತದೆ. ತಾನೇ ತೋಟಾ ತುಂಬಿಕೊಳ್ಳುವ ರೈಫಲ್ಲುಗಳಲ್ಲಿ ಅದು ಹಿಂದಕ್ಕೆ ನುಗ್ಗುತ್ತದೆ. ಬೋಲ್ಟ್ ಬೇಗ ತೆರೆದುಕೊಳ್ಳುತ್ತದೆ, ಕಿಂಡಿಯಿಂದ ಅನಿಲ ಹೊಡೆಯುವವನ ಮುಖಕ್ಕೇ ಬರುತ್ತದೆ. ಬಾಯಿಯ ಹತ್ತಿರದ ಅಳತೆ ಚೆನ್ನಾಗಿದ್ದರೂ ಕಿವಿಯ ಹತ್ತಿರದ ಅಳತೆ ಅಷ್ಟು ಚೆನ್ನಾಗಿ ಇರದೇ ಹೋಗಬಹುದು. ಆ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್, ಅಮೋನಿಯಾ, ಹೈಡ್ರೋಜನ್ ಸಯನೈಡ್, ಸೀಸ ಮತ್ತು ತಾಮ್ರದ ಕಣಗಳು ಇರುತ್ತವೆ. ಕಿವಿ ಉಳಿಸಲು ಹೋಗಿ ಶ್ವಾಸಕೋಶವನ್ನು ಒತ್ತೆ ಇಟ್ಟ ಹಾಗೆ.

ಇವತ್ತು ಎಂಜಿನಿಯರುಗಳು ತಲೆ ಕೆಡಿಸಿಕೊಂಡಿರುವುದು ಇದಕ್ಕೇ. ಅಮೆರಿಕದ ಮರೀನ್ ಪಡೆಯ ಸೈನಿಕರಿಗೆ 2020ರ ಕೊನೆಯಿಂದ ಸಪ್ರೆಸರುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಡಲು ಶುರು ಮಾಡಿದರು. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಭೂಸೇನೆ ಆರಿಸಿಕೊಂಡ ಹೊಸ ರೈಫಲ್ ಈಗ ಎಂ7 ಅನ್ನುವ ಹೆಸರಿನಲ್ಲಿದೆ. ಅದರ ಜೊತೆಗೇ ಸಪ್ರೆಸರ್ ಬರುತ್ತದೆ. ವಿಷಾನಿಲ ಹಿಂದಕ್ಕೆ ಬರುವುದನ್ನು ಕಡಿಮೆ ಮಾಡುವುದು ಆ ವಿನ್ಯಾಸದ ಗುರಿಗಳಲ್ಲೊಂದು. ಅನಿಲವನ್ನು ಕೂಡಿಹಾಕುವ ಬದಲು ತಿರುಪಿನಂಥ ಹಾದಿಗಳಲ್ಲಿ ಸುತ್ತಿಸಿ ಮುಂದಕ್ಕೇ ಬಿಡುವ ವಿನ್ಯಾಸಗಳು ಬಂದಿವೆ. ಲೇತ್ ಮೇಲೆ ಕಡೆಯಲಾಗದ ಆ ಒಳಹಾದಿಗಳನ್ನು ಲೋಹದ 3ಡಿ ಪ್ರಿಂಟಿಂಗ್‌ನಲ್ಲಿ ಪದರ ಪದರವಾಗಿ ಕಟ್ಟುತ್ತಾರೆ. ಹರಿವು ಹೇಗಿರುತ್ತದೆ ಅಂತ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕವೂ ಸುಲಭದ್ದಲ್ಲ. ಶಾಕ್ ವೇವ್, ಸುಳಿ, ಬೆಂಕಿ, ಓಡುವ ಗುಂಡು, ಕಾಯುವ ಲೋಹ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಕು. ಮುಂದಕ್ಕೆ ಬೇಗ ಬಿಟ್ಟರೆ ಮುಖಕ್ಕೆ ಅನಿಲ ಕಡಿಮೆ, ಆದರೆ ಬಾಯಲ್ಲಿ ಸದ್ದೂ ಬೆಂಕಿಯೂ ಜಾಸ್ತಿಯಾಗುವ ಸಾಧ್ಯತೆ ಇದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದೇ ವಿನ್ಯಾಸ.

ಆದ್ದರಿಂದ ಅಮೆರಿಕದ ಜಗಳದಲ್ಲಿ ನನ್ನ ಅಭಿಪ್ರಾಯ ಇಷ್ಟು. ಸೈನಿಕರಿಗೆ, ಶೂಟಿಂಗ್ ರೇಂಜಿನಲ್ಲಿ ದಿನವಿಡೀ ನಿಲ್ಲುವ ತರಬೇತುದಾರರಿಗೆ ಇದು ಬೇಕೇ ಬೇಕು. ಫಿನ್ಲೆಂಡ್, ನಾರ್ವೆಯಂಥ ಕಡೆ ಬೇಟೆಗಾರರು ಸಪ್ರೆಸರ್ ಬಳಸುವುದು ಮಾಮೂಲು, ಅಲ್ಲಿ ಯಾರೂ ಅದನ್ನು ಕೊಲೆಗಾರರ ಸಾಧನ ಅನ್ನುವುದಿಲ್ಲ. ಆದರೆ 'ಕಿವಿ ಕಾಯುವುದು' ಅನ್ನುವ ಹೆಸರಿನಲ್ಲಿ ಕಾನೂನು ಮಾಡುವವರು ಕಿವಿಯ ಹತ್ತಿರದ ಅಳತೆಯನ್ನೇ ಕೇಳಬೇಕು. ಮಾರುವವರು ಆ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಹಾಕಲಿ, ಪಿಸ್ತೂಲಿಗೆ ಬೇರೆ, ರೈಫಲ್ಲಿಗೆ ಬೇರೆ. ನೋಂದಣಿ ಉಳಿಯಲಿ. ಸದ್ದು ಕೇಳಿ ಓಡಬೇಕಾದ ಕಿವಿಗಳೂ ಕಿವಿಗಳೇ.

ನಮ್ಮಲ್ಲಿ ಈ ಚರ್ಚೆ ಇಲ್ಲ. ಭಾರತದ ಶಸ್ತ್ರಾಸ್ತ್ರ ನಿಯಮಗಳು ಸದ್ದನ್ನೂ ಬೆಂಕಿಯನ್ನೂ ತಗ್ಗಿಸುವ ಸಾಧನಗಳನ್ನು ನಿಷೇಧಿತ ವರ್ಗದಲ್ಲೇ ಇಟ್ಟಿವೆ. ಹಾಗಂತ ಕಿವಿಯ ಪ್ರಶ್ನೆ ಇಲ್ಲದೇ ಇಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮಿನ ಇಯರ್ ಪ್ಲಗ್ಗನ್ನು ಸರಿಯಾಗಿ ಹೊಸೆದು ಒಳಗೆ ಕೂರಿಸಿದರೆ 20ರಿಂದ 30 ಡೆಸಿಬಲ್ ತಡೆಯುತ್ತದೆ. ಸಾವಿರ ಡಾಲರಿನ ಸಪ್ರೆಸರ್ ಮಾಡುವ ಕೆಲಸಕ್ಕೆ ಹೆಚ್ಚುಕಡಿಮೆ ಸಮ. ಸೈನಿಕರು ಅದನ್ನು ಹಾಕಿಕೊಳ್ಳದಿರುವುದಕ್ಕೆ ಕಾರಣವಿದೆ, ಅವರಿಗೆ ಆದೇಶವೂ ಹೆಜ್ಜೆ ಸಪ್ಪಳವೂ ಕೇಳಬೇಕು. ರೇಂಜಿನಲ್ಲಿ ಮಲಗಿ ಐದು ಗುಂಡು ಹೊಡೆಯುವ ಮಕ್ಕಳಿಗೆ ಅಂಥ ಕಾರಣ ಏನೂ ಇಲ್ಲ.

ಹೋದ ತಿಂಗಳು ಅಣ್ಣನ ಮಗಳು ಎನ್‌ಸಿಸಿ ಕ್ಯಾಂಪ್ ಮುಗಿಸಿ ಬಂದಳು. ಟಾರ್ಗೆಟ್ ಹಾಳೆಯ ಫೋಟೊ ತೋರಿಸಿದಳು, ಐದರಲ್ಲಿ ನಾಲ್ಕು ಗುಂಡು ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ ಬಿದ್ದಿದ್ದವು.

"ಕಿವಿಗೆ ಏನು ಹಾಕಿಕೊಂಡಿದ್ದೆ?" ಅಂತ ಕೇಳಿದೆ.

"ಹತ್ತಿ, ಚಿಕ್ಕಪ್ಪ. ಯಾಕೆ?"

ಅವಳ ಮುಂದಿನ ಕ್ಯಾಂಪ್ ಡಿಸೆಂಬರಿನಲ್ಲಿದೆ. ಅವಳ ತಂಡದಲ್ಲಿ ಮೂವತ್ತೆರಡು ಮಕ್ಕಳಿದ್ದಾರೆ. ಮೂವತ್ತೆರಡು ಜೊತೆ ಪ್ಲಗ್ ತಂದು ಅವಳ ಕಿಟ್ ಬ್ಯಾಗಿನಲ್ಲಿ ಇಟ್ಟಿದ್ದೇನೆ.